ಸಾಹಣಿಯ ಹಿಂದೆ ಮಾರ್ಷಲ್

ಸೌಂದರ್ಯ ನಮ್ಮ ಮನೆಗೆ ಬರುವ ಮೊದಲು ಭಾನುವಾರಗಳು ನನ್ನವಾಗಿದ್ದವು.

ಅಪ್ಪ ಪಿಯು ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಶಂಕರನಾರಾಯಣ ಮೇಷ್ಟ್ರು ಎಂದರೆ ಶಿವಮೊಗ್ಗದ ವಿನೋಬನಗರದಲ್ಲಿ ಮನೆ ತೋರಿಸುತ್ತಾರೆ. ಹನ್ನೊಂದು ವರ್ಷಗಳಿಂದ ಅವರು ಒಂದು ಕೋಶ ಬರೆಯುತ್ತಿದ್ದಾರೆ. ಅಧಿಕಾರದ ಮತ್ತು ಸೈನ್ಯದ ಪದವಿಗಳ ಕೋಶ. ಶಾನುಭೋಗ, ದಳವಾಯಿ, ದಂಡನಾಯಕ, ಅಮಲ್ದಾರ, ಕಲೆಕ್ಟರ್. ಯಾರನ್ನು ಯಾಕೆ ಹಾಗೆ ಕರೆದರು, ಆ ಹೆಸರು ಎಲ್ಲಿ ಹುಟ್ಟಿ ಎಲ್ಲಿಗೆ ಬಂದು ನಿಂತಿತು ಎನ್ನುವುದೇ ಅದರ ವಸ್ತು.

ಇದಕ್ಕಾಗಿ ಮುಂದಿನ ಕೋಣೆಯಲ್ಲಿ ಒಂದು ಬೀರು ಇದೆ. ದುರ್ಗಿಗುಡಿಯಲ್ಲಿ ಹೋಮಿಯೋಪತಿ ಡಾಕ್ಟರೊಬ್ಬರು ಕ್ಲಿನಿಕ್ ಮುಚ್ಚಿದಾಗ ಅಪ್ಪ ಹೊರಿಸಿಕೊಂಡು ಬಂದದ್ದು. ಅದರ ತುಂಬಾ ಪುಟ್ಟ ಪುಟ್ಟ ಡ್ರಾಯರುಗಳು. ಎಳೆದರೆ ಈಗಲೂ ಸಕ್ಕರೆ ಗುಳಿಗೆಯ ವಾಸನೆ. ಅಕ್ಷರಕ್ಕೊಂದು ಡ್ರಾಯರು, ಪದಕ್ಕೊಂದು ಚೀಟಿ. ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಚೀಟಿ ಮಾಡುತ್ತೇವೆ, ದಪ್ಪಗಿರುತ್ತವೆ, ಹಿಂಬದಿ ಖಾಲಿ ಇರುತ್ತದೆ. ಹಾಗಾಗಿ ದಂಡನಾಯಕನನ್ನು ತಿರುಗಿಸಿದರೆ ಯಾರದೋ ಮುಹೂರ್ತ, ಯಾವುದೋ ಕಲ್ಯಾಣಮಂಟಪ.

ಚೀಟಿ ಬರೆದವರು ಮೂಲೆಯಲ್ಲಿ ಪೆನ್ಸಿಲಿನಲ್ಲಿ ತಮ್ಮ ಹೆಸರಿನ ಮೊದಲಕ್ಷರ ಹಾಕಬೇಕು. ಅಪ್ಪನದು ಶಂ. ನನ್ನದು ಮಾ. ಅಪ್ಪ ಓದಿ ಒಪ್ಪಿದರೆ ಕೆಂಪು ಪೆನ್ನಿನಲ್ಲಿ ಒಂದು ಗೀಟು. ತೀರಾ ಮೆಚ್ಚಿದರೆ ಅದೇ ಕೆಂಪಿನಲ್ಲಿ 'ಭಲೇ' ಎಂದು ಬರೆಯುತ್ತಾರೆ. ಪಿಯುಸಿಯಿಂದ ಡಿಗ್ರಿ ಮುಗಿದು ಎರಡು ವರ್ಷವಾಗುವವರೆಗೆ ನಾನು ಒಂಬೈನೂರಕ್ಕೂ ಹೆಚ್ಚು ಚೀಟಿ ಬರೆದಿದ್ದೇನೆ. ಎಲ್ಲದಕ್ಕೂ ಗೀಟು. ಒಂದಕ್ಕೂ ಭಲೇ ಇಲ್ಲ.

ಇನ್ನೊಂದು ನಿಯಮವಿತ್ತು. ಚೀಟಿಯ ಜಾಗ ತಪ್ಪಿಸಿದವರು ಒಂದು ತಿಂಗಳು ಬೀರು ಮುಟ್ಟುವಂತಿಲ್ಲ. ತಪ್ಪು ಡ್ರಾಯರಿಗೆ ಹೋದ ಚೀಟಿ ಸುಟ್ಟುಹೋದ ಚೀಟಿಗಿಂತ ಕೆಟ್ಟದ್ದು ಎನ್ನುತ್ತಾರೆ ಅಪ್ಪ. ಸುಟ್ಟದ್ದು ಹೋಯಿತೆಂದಾದರೂ ಗೊತ್ತಿರುತ್ತದೆ. ಒಮ್ಮೆ ನವರಾತ್ರಿಗೆ ಧೂಳು ಹೊಡೆಯುವಾಗ ಅಮ್ಮ ಎರಡು ಡ್ರಾಯರು ಅದಲುಬದಲು ಮಾಡಿ ಶಿಕ್ಷೆಗೆ ಒಳಗಾದಳು. ಆ ಶಿಕ್ಷೆಯನ್ನು ತಾನಾಗಿಯೇ ಜೀವಮಾನವಿಡೀ ಮುಂದುವರಿಸಿಕೊಂಡು ಹಾಯಾಗಿದ್ದಾಳೆ.

ಸೌಂದರ್ಯ ಭದ್ರಾವತಿಯವಳು. ಕೆಳದಿ ಕಾಲದ ಸೈನ್ಯದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಳು. ಯಾರೋ ಅಪ್ಪನ ಹೆಸರು ಹೇಳಿದರಂತೆ. ಜೂನ್ ತಿಂಗಳ ಒಂದು ಭಾನುವಾರ ಗೇಟು ದಡಾರೆಂದು ತೆಗೆದು, ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದಳು.

"ಸರ್, ದಳವಾಯಿ ದೊಡ್ಡೋನಾ, ದಂಡನಾಯಕ ದೊಡ್ಡೋನಾ? ನಮ್ ಗೈಡ್ ಎರಡೂ ಒಂದೇ ಅಂತಾರೆ. ನಂಗೆ ಯಾಕೋ ಡೌಟು."

"ಒಳಗೆ ಬಾಮ್ಮ ಮೊದಲು," ಎಂದು ಅಪ್ಪ ನಕ್ಕರು.

ಆ ನಗು ನನಗೆ ಹೊಸದು. ಏಳು ವರ್ಷ ನಾನೂ ಅಪ್ಪನೂ ಆ ಕೋಣೆಯಲ್ಲಿ ಕೂತದ್ದು ಹೆಚ್ಚೂಕಡಿಮೆ ಮೌನದಲ್ಲೇ. ನಾನು ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಅವರ ಮುಂದೆ ಸರಿಸುತ್ತಿದ್ದೆ. ಅದೇ ನಮ್ಮ ಮಾತು ಎಂದುಕೊಂಡಿದ್ದೆ. ಅಪ್ಪನಿಗೆ ಹೀಗೆ ಎದುರು ಕೂತು ವಾದ ಮಾಡುವವರು ಬೇಕಿತ್ತೆಂದು ನನಗೆ ಯಾರು ಹೇಳಬೇಕು?

ಅಂದಿನಿಂದ ಅವಳು ಪ್ರತಿ ಭಾನುವಾರವೂ, ಪುರಸೊತ್ತಿದ್ದರೆ ಗುರುವಾರವೂ ಬರತೊಡಗಿದಳು. ಚೀಟಿ ಬರೆಯಲು ಅಪ್ಪ ಅವಳಿಗೂ ಕೊಟ್ಟರು. ಮೂಲೆಯಲ್ಲಿ ಸೌ. ಎಂಬ ಅಕ್ಷರ ಕಾಣಿಸಿಕೊಂಡಿತು. ಅಮ್ಮನನ್ನು ಆಂಟಿ ಎಂದು ಕರೆದು ಅಡುಗೆಮನೆಗೇ ಹೋಗಿ ಚಕ್ಕುಲಿ ಕೇಳಿ ತಿಂದಳು. ನನ್ನನ್ನು ಮಾರಾಯ್ತಿ ಎಂದಳು. ನಾನು ಹೂಂ, ಉಹೂಂ ಎಂದೆ.

ಆಗಸ್ಟ್ ಮೊದಲ ಭಾನುವಾರ ಅವಳು ಮ ಡ್ರಾಯರು ಎಳೆದು ಒಂದು ಚೀಟಿ ಓದಿದಳು. "ಮಾರ್ಷಲ್. ಫೀಲ್ಡ್ ಮಾರ್ಷಲ್ ಎಂಬುದು ಭೂಸೇನೆಯ ಅತ್ಯುನ್ನತ ಪದವಿ. ಐದು ನಕ್ಷತ್ರ, ಕೈಯಲ್ಲಿ ದಂಡ. ಈ ಪದವಿ ಪಡೆದವರಿಗೆ ನಿವೃತ್ತಿಯಿಲ್ಲ. ರೋಮನ್ನರ ಯುದ್ಧದೇವತೆಯ ಹೆಸರಿನಿಂದ ಬಂದಿರಬಹುದು." ತಲೆಯೆತ್ತಿದಳು. "ಇದ್ಯಾರ್ ಸರ್ ಬರ್ದಿದ್ದು? ಮುಂದಿಂದೆಲ್ಲ ಚೆನ್ನಾಗಿದೆ, ಕೊನೇದು ತಪ್ಪು." ಆಮೇಲೆ ಮೂಲೆಯಲ್ಲಿದ್ದ ಮಾ. ನೋಡಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಸಾರಿ ಮಾರಾಯ್ತಿ."

"ನನಗೂ ಅದರ ಮೇಲೆ ಅನುಮಾನ ಇತ್ತು," ಎಂದರು ಅಪ್ಪ. "ಮತ್ತೆ ಎಲ್ಲಿಂದ ಬಂತಂತೀಯ?"

"ಲಾಯದಿಂದ ಸರ್."

"ಎಲ್ಲಿಂದ?"

"ಕುದುರೆ ಲಾಯ ಸರ್! ಹಳೇ ಜರ್ಮನ್ ಕಡೆ ಮಾತಲ್ಲಿ ಮಾರ್ಹ್ ಅಂದ್ರೆ ಕುದುರೆ, ಸ್ಕಾಲ್ಕ್ ಅಂದ್ರೆ ಆಳು. ರಾಜನ ಕುದುರೆ ಮೈ ತಿಕ್ಕೋನು. ಕುದುರೆ ಹತ್ರ ಇದ್ದೋನು ರಾಜನ ಹತ್ರ ಆದ, ಆಮೇಲೆ ಕುದುರೆ ದಂಡಿಗೇ ಯಜಮಾನ ಆದ, ಆಮೇಲೆ ಇಡೀ ಸೈನ್ಯಕ್ಕೇ. ಕಾನ್‌ಸ್ಟೇಬಲ್ ಕೂಡ ಅಲ್ಲಿಂದ್ಲೇ ಬಂದೋನು ಸರ್, ಲಾಯದ ಅಧಿಕಾರಿ. ಒಬ್ಬ ಐದು ನಕ್ಷತ್ರ ಹಾಕ್ಕೊಂಡ, ಇನ್ನೊಬ್ಬ ಅಮೀರ್ ಅಹ್ಮದ್ ಸರ್ಕಲ್ಲಲ್ಲಿ ಸೀಟಿ ಊದ್ತಾ ನಿಂತಿದಾನೆ, ಪಾಪ."

ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಸರಸ್ವತೀ! ಇಲ್ಲಿ ಬಾ, ಈ ಹುಡುಗಿ ಹೇಳೋದು ಕೇಳು!" ಅಮ್ಮ ಸೌಟು ಹಿಡಿದೇ ಬಂದಳು. ಅಪ್ಪ ಅವಳಿಗೆ ಇಡೀ ಕಥೆ ಹೇಳಿ ಮುಗಿಸಿ, ಸೌಂದರ್ಯಳಿಂದ ಚೀಟಿ ಬರೆಸಿ, ಅವಳು ತಂದಿದ್ದ ಪುಸ್ತಕದ ಪುಟ ನೋಡಿ ಖಾತ್ರಿ ಮಾಡಿಕೊಂಡು, ಕೆಂಪು ಪೆನ್ನು ತೆಗೆದರು. ಗೀಟು ಹಾಕಲಿಲ್ಲ. ಭಲೇ ಎಂದು ಬರೆದರು.

ನಂತರ ನನ್ನ ಕಡೆ ತಿರುಗಿ ಮೃದುವಾಗಿಯೇ ಹೇಳಿದರು. "ಹಳೇ ಚೀಟಿ ತೆಗೆದುಬಿಡು ಮಾನಸ."

ತೆಗೆದೆ. ಡೈರಿಯೊಳಗೆ ಇಟ್ಟುಕೊಂಡೆ. ಅಂದು ಡೈರಿಯಲ್ಲಿ ಬೇರೇನೂ ಬರೆಯಲಿಲ್ಲ.

ಮುಂದಿನ ಮೂರು ದಿನ ಅಪ್ಪ ಆ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ವಾಕಿಂಗ್ ಗೆಳೆಯರಿಗೆ ತೋರಿಸಿದರು. ಇಸ್ತ್ರಿಯ ಮುರುಗೇಶಪ್ಪನಿಗೂ ತೋರಿಸಿದರು. "ನಮ್ಮ ಭದ್ರಾವತಿ ಹುಡುಗಿ ಹುಡುಕಿದ್ದು," ಎನ್ನುತ್ತಿದ್ದರು. ನಮ್ಮ. ಬುಧವಾರ ಸಂಜೆ ಚೀಟಿಯನ್ನು ಮ ಡ್ರಾಯರಿನಲ್ಲಿ ಅದರ ಜಾಗಕ್ಕೆ ಇಟ್ಟರು. ಗುರುವಾರ ಸೌಂದರ್ಯ ಬಂದು ತನ್ನ ನೋಟ್ಸಿಗೆ ಏನೇನೋ ನಕಲು ಮಾಡಿಕೊಂಡು, ಬಸ್ಸು ತಪ್ಪುತ್ತದೆಂದು ಓಡಿದಳು.

ಶುಕ್ರವಾರ ಮಧ್ಯಾಹ್ನ ಅಪ್ಪ ಮಲಗಿದ್ದಾಗ ನಾನು ಮ ಡ್ರಾಯರು ಎಳೆದೆ.

ಹರಿಯಬೇಕೆಂದು ಅನಿಸಲಿಲ್ಲ. ಅಷ್ಟು ಧೈರ್ಯ ನನಗಿಲ್ಲ. ಅದು ಸ್ವಲ್ಪ ದಿನ ಎಲ್ಲಿಯೂ ಇಲ್ಲದಿದ್ದರೆ ಸಾಕಿತ್ತು. ಕೆಂಪು ಭಲೇ ಇರುವ ಆ ಮದುವೆ ಕಾಗದವನ್ನು ಎತ್ತಿಕೊಂಡು ಸ ಡ್ರಾಯರು ತೆಗೆದೆ. ಕೈ ತಾನಾಗಿಯೇ ಒಂದು ಚೀಟಿಯ ಮೇಲೆ ನಿಂತಿತು. 'ಸಾಹಣಿ. ನಮ್ಮ ಶಾಸನಗಳಲ್ಲಿ ಕಾಣುವ ಪದವಿ. ಕುದುರೆ ನೋಡಿಕೊಳ್ಳುವವನು, ಲಾಯದ ಅಧಿಕಾರಿ. ಅವರೆಲ್ಲರ ಮೇಲಿನವನು ಮಹಾಸಾಹಣಿ.' ಮೂಲೆಯಲ್ಲಿ ಮಾ. ನನ್ನ ಮೊದಲ ವರ್ಷದ ಚೀಟಿ. ಲೈಬ್ರರಿಯಲ್ಲಿ ನಾಲ್ಕು ದಿನ ಕೂತು, ಮಾತಾಡಿಸಲು ಹೆದರಿಕೆಯಾಗುವ ಲೈಬ್ರರಿಯನ್ನರನ್ನು ಮಾತಾಡಿಸಿ ಬರೆದದ್ದು. ಅದಕ್ಕೆ ಸಿಕ್ಕಿದ್ದು ಒಂದು ಗೀಟು.

ಇವನೂ ಲಾಯದವನೇ. ಅವನೂ ಲಾಯದವನೇ. ಅವಳ ಮಾರ್ಷಲನನ್ನು ನನ್ನ ಸಾಹಣಿಯ ಬೆನ್ನ ಹಿಂದೆ ನಿಲ್ಲಿಸಿ ಡ್ರಾಯರು ಮುಚ್ಚಿದೆ.

ಶನಿವಾರ ಬೆಳಿಗ್ಗೆ ಅಪ್ಪ ಚೀಟಿ ಹುಡುಕತೊಡಗಿದರು. ಸೋಮವಾರ ಪ್ರೆಸ್ಸಿನ ದೇವರಾಜ್ ಬರುವವರಿದ್ದರು. ಕೋಶದ ಮಾದರಿ ಪುಟ ನೋಡಿ, ಅಚ್ಚು ಹಾಕುವುದನ್ನು ನಿರ್ಧರಿಸುವವರಿದ್ದರು. ಮಾದರಿಗೆ ಅಪ್ಪ ಆರಿಸಿದ್ದು ಮಾರ್ಷಲನನ್ನೇ.

"ಇಲ್ಲೇ ಇಟ್ಟಿದ್ದೆ," ಎಂದರು ಮೊದಲು. ಆಮೇಲೆ, "ಇಲ್ಲೇ ಇಟ್ಟಿದ್ದೆನಾ?" ಎಂದರು.

"ಇನ್ನೊಂದ್ ಬರ್ಕೊಂಡ್ರಾಯ್ತಲ್ಲ," ಎಂದಳು ಅಮ್ಮ. "ವಿಷಯ ಬಾಯಿಪಾಠ ಇದೆ. ಊರಿಗೆಲ್ಲ ಹೇಳಿದೀರಿ."

"ಚೀಟಿ ಹೋದ್ರೆ ಹೋಗ್ಲಿ ಕಣೇ. ಎಲ್ಲಿಟ್ಟೆ ಅನ್ನೋದೇ ಹೋಯ್ತಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲನಾದ್ರೂ ನನ್ನ ಕೈ ತಪ್ಪಿದ್ದು ಉಂಟಾ?" ಕುರ್ಚಿಯಲ್ಲಿ ಕೂತು ತಮ್ಮ ಬಲಗೈಯನ್ನೇ ನೋಡಿಕೊಂಡರು. "ಅಣ್ಣನಿಗೂ ಹೀಗೇ ಶುರುವಾಗಿದ್ದು. ಮೊದಲು ಕನ್ನಡಕ. ಆಮೇಲೆ ನಾವು."

ದೊಡ್ಡಪ್ಪ ಕೊನೆಗಾಲದಲ್ಲಿ ಅಪ್ಪನನ್ನು "ನೀವು ಯಾರ ಪೈಕಿ?" ಎಂದು ಕೇಳುತ್ತಿದ್ದರು. ನಾನು ಬೀರಿಗೆ ಒರಗಿ ನಿಂತಿದ್ದೆ. ಸ ಡ್ರಾಯರಿನ ಹಿಡಿ ನನ್ನ ಬೆನ್ನಿಗೆ ಒತ್ತುತ್ತಿತ್ತು. ಕೈ ಹಿಂದೆ ಚಾಚಿದರೆ ಮುಗಿಯುತ್ತಿತ್ತು. ಚಾಚಲಿಲ್ಲ. ಚೀಟಿ ಸಿಕ್ಕರೆ ಅಪ್ಪ ಮತ್ತೆ ಅವಳ ಹೆಸರನ್ನೇ ಹೇಳುತ್ತಾರೆ ಎಂಬುದು ಆಗಲೂ ನನ್ನ ತಲೆಯಲ್ಲಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಇತ್ತು.

ಸಂಜೆ ಅಪ್ಪ ದೇವರಾಜ್‌ಗೆ ಫೋನ್ ಮಾಡಿದರು. "ಸೋಮವಾರ ಬರಬೇಡಿ. ಇಲ್ಲ, ಮುಂದಿನ ವಾರ ಅಂತಲ್ಲ. ಬೇಡ. ಇದನ್ನ ಯಾವುದಾದ್ರೂ ಲೈಬ್ರರಿಗೆ ಕೊಟ್ಟುಬಿಡ್ತೀನಿ. ಒಂದು ಚೀಟಿ ಎಲ್ಲಿದೆ ಅಂತ ಗೊತ್ತಿಲ್ಲದವನು ಕೋಶ ಬರೀಬಾರದು."

ಭಾನುವಾರ ಸೌಂದರ್ಯ ಎಂದಿನಂತೆ ಗೇಟು ದಡಾರೆನಿಸಿ ಬಂದಳು. ಅಪ್ಪ ಅವಳಿಗೂ ಅದನ್ನೇ ಹೇಳಿದರು. ಅವಳು ದುಪಟ್ಟಾ ಸೊಂಟಕ್ಕೆ ಕಟ್ಟಿ, ಅ ಡ್ರಾಯರಿನಿಂದ ಶುರು ಮಾಡಿ ಚೀಟಿ ಚೀಟಿಯೂ ನೋಡತೊಡಗಿದಳು. ಅಪ್ಪ ಬೇಡವೆಂದರೂ ಬಿಡಲಿಲ್ಲ. ಊಟದ ಹೊತ್ತಾಯಿತು. ಅಮ್ಮ ಎರಡು ಸಲ ಕರೆದಳು. ಶ ಆಯಿತು, ಷ ಆಯಿತು. ಸ ಡ್ರಾಯರು ಎಳೆದು ಅರ್ಧಕ್ಕೆ ಬಂದವಳು ಸಾಹಣಿ ಚೀಟಿಯ ಮೂಲೆ ನೋಡಿ ನಿಂತಳು.

ತಿರುಗಿ ನೋಡಿದ್ದು ಅಪ್ಪನನ್ನಲ್ಲ, ನನ್ನನ್ನು.

ಅಷ್ಟು ಹೊತ್ತು ಯಾರೂ ನನ್ನನ್ನು ದಿಟ್ಟಿಸಿದ್ದು ನೆನಪಿಲ್ಲ. ಈಗ ಹೇಳುತ್ತಾಳೆ ಎಂದುಕೊಂಡೆ.

"ಸಿಕ್ತು ಸರ್!" ಎಂದು ಕೂಗಿದಳು. "ಅಯ್ಯಯ್ಯೋ, ನಂದೇ ಕೆಲಸ ಇದು. ಗುರುವಾರ ಕಾಪಿ ಮಾಡ್ಕೊಂಡು, ಬಸ್ ಹೋಗುತ್ತೆ ಅಂತ ಯಾವ್ದೋ ಡ್ರಾಯರಿಗೆ ತುರುಕಿ ಓಡಿಬಿಟ್ಟೆ. ನಿಮ್ ತಲೆ ಸರಿಯಾಗೇ ಇದೆ ಸರ್, ನಂದೇ ಕೆಟ್ಟಿದ್ದು."

ಅಪ್ಪ ಎದ್ದು ಬಂದರು. ಡ್ರಾಯರಿನೊಳಗೆ ಬಗ್ಗಿ, ಚೀಟಿ ಇದ್ದ ಜಾಗವನ್ನು ಸ್ವಲ್ಪ ಹೊತ್ತು ನೋಡಿದರು. ಮುಖಕ್ಕೆ ಬಣ್ಣ ಮರಳಿತು. "ಒಂದು ತಿಂಗಳು," ಎಂದರು.

"ಗೊತ್ತು ಸರ್. ಒಂದ್ ತಿಂಗಳು." ಅವಳು ಬ್ಯಾಗು ಎತ್ತಿಕೊಂಡಳು. "ಆಂಟಿ, ಊಟ ಬಡಿಸಿ. ಊಟಕ್ಕೇನೂ ಶಿಕ್ಷೆ ಇಲ್ವಲ್ಲ?"

ಹೀಗೆ ಭಾನುವಾರಗಳು ನನಗೆ ವಾಪಸು ಬಂದವು. ಕೋಣೆ ಮೊದಲಿನಷ್ಟೇ ಸದ್ದಿಲ್ಲದೆ ಇತ್ತು. ನಾನು ಚೀಟಿ ಸರಿಸಿದೆ, ಅಪ್ಪ ಗೀಟು ಹಾಕಿದರು. ದೇವರಾಜ್‌ಗೆ ಮತ್ತೆ ಫೋನ್ ಮಾಡಿ ಬರಹೇಳಿದರು. ಎಲ್ಲ ಸರಿಯಾಗಿತ್ತು. ಆದರೂ ಬಸ್ಸಿನ ಹೊತ್ತಿಗೆ ಅಪ್ಪನ ಕಣ್ಣು ಗೇಟಿನ ಕಡೆ ಹೋಗುತ್ತಿತ್ತು, ನನ್ನದೂ.

ಆ ದಿನಗಳಲ್ಲಿ ನನಗೆ ಅವಳ ಮೇಲೆ ಇದ್ದ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅಪ್ಪನ ನಗು ತೆಗೆದುಕೊಂಡಳು, ಭಲೇ ತೆಗೆದುಕೊಂಡಳು, ಕೊನೆಗೆ ನಾನು ಮಾಡಿದ ಒಂದೇ ಒಂದು ತಪ್ಪನ್ನೂ ತನ್ನ ಹೆಸರಿಗೆ ಮಾಡಿಕೊಂಡಳು. ಅದನ್ನು ಹೊರುವುದರಲ್ಲೂ ಅವಳೇ ದೊಡ್ಡವಳಾದಳು. ಮೂರನೆಯ ಭಾನುವಾರ ತಡೆಯಲಾಗಲಿಲ್ಲ. ಗೆಳತಿಯ ಮನೆಗೆಂದು ಅಮ್ಮನಿಗೆ ಹೇಳಿ ಭದ್ರಾವತಿಯ ಬಸ್ಸು ಹತ್ತಿದೆ. ನನಗೆ ಗೆಳತಿಯರಿಲ್ಲವೆಂದು ಗೊತ್ತಿರುವ ಅಮ್ಮ ಎರಡು ಸಲ ನೋಡಿದಳು, ಕೇಳಲಿಲ್ಲ. ಮಾಚೇನಹಳ್ಳಿ ದಾಟುವಾಗ ಇಳಿದು ವಾಪಸು ಹೋಗೋಣವೆನಿಸಿತು. ಕಂಡಕ್ಟರಿಗೆ ನಿಲ್ಲಿಸಿ ಎನ್ನಲು ನಾಚಿಕೆಯಾಗಿ ಅಲ್ಲೇ ಕೂತೆ.

ಜನ್ನಾಪುರದಲ್ಲಿ ಅವಳ ಮನೆಯ ಬಾಗಿಲು ತೆರೆದದ್ದು ಅವಳ ಅಜ್ಜಿ ಕಾಶಮ್ಮ. ನಾನು ಹೆಸರು ಹೇಳಿದೆ. "ಏನಂದಿ? ಜೋರಾಗ್ ಹೇಳವ್ವ." ಮತ್ತೆ ಹೇಳಿದೆ. "ಶಿವಮೊಗ್ಗದಲ್ಲಿ ಮಾತಿಗೇನ್ ರೇಷನ್ನಾ? ಏ ಸೌಂದೂ, ನಿಮ್ ಮೇಷ್ಟ್ರ ಮಗಳಂತೆ, ಬಾರೇ! ಬಾಯಲ್ಲಿ ಮಾತೇ ಇಲ್ಲ ಇದಕ್ಕೆ."

ಸೌಂದರ್ಯ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ನನ್ನನ್ನು ನೋಡಿ ನಗಲಿಲ್ಲ. ಬಕೆಟ್ ಪಕ್ಕದ ಕಲ್ಲು ತೋರಿಸಿದಳು. ಕೂತೆ.

"ನೀನು ಯಾಕೆ ಹಾಗಂದೆ?" ಎಂದೆ.

"ಹೆಂಗಂದೆ?"

"ನೀನೇ ಇಟ್ಟಿದ್ದು ಅಂತ. ನನ್ನನ್ನು ಕಾಪಾಡು ಅಂತ ನಾನು ಕೇಳಿರಲಿಲ್ಲ."

ಅವಳು ಕೈಯಲ್ಲಿದ್ದ ಲುಂಗಿಯನ್ನು ಬಕೆಟ್ಟಿಗೆ ಎಸೆದಳು. "ನಿನ್ನನ್ನಾ? ನಿನಗೋಸ್ಕರ ಯಾರ್ ಮಾಡಿದ್ರೇ? ನಿಂಗೆ ಅಷ್ಟ್ ಬೆಲೆ ಕೊಟ್ಕೋಬೇಡ. ಸರ್ ಕೋಶಾನೇ ಬಿಟ್ಬಿಡ್ತೀನಿ ಅಂದ್ರು ಅವತ್ತು. 'ಮಗಳು ಬೇಕಂತಲೇ ಬಚ್ಚಿಟ್ಟಿದ್ಲು' ಅಂತ ಹೇಳಿದ್ರೆ ಆ ಮನುಷ್ಯ ಏನಾಗ್ತಿದ್ರು? ನಾನು ಇಟ್ಟೆ ಅಂದೆ, ಮುಗೀತು. ಹೊರಗಿನೋಳು, ನಂದೇನ್ ಹೋಗುತ್ತೆ." ಉಸಿರು ತೆಗೆದುಕೊಂಡಳು. "ನೀನು ಅಲ್ಲೇ ನೋಡ್ತಾ ನಿಂತಿದ್ಯಲ್ಲೇ, ಮಾರಾಯ್ತಿ. ಅದು ಹೆಂಗ್ ಆಯ್ತು ನಿಂಗೆ?"

ವಿಚಿತ್ರವೆಂದರೆ ಅವಳು ಬೈದದ್ದರಿಂದ ಸ್ವಲ್ಪ ಹಗುರವೆನಿಸಿತು. ಅವಳು ನನ್ನ ಮೇಲೆ ದೊಡ್ಡ ಮನಸ್ಸು ಮಾಡಿರಲಿಲ್ಲ. ಅಷ್ಟಾದರೂ ಉಳಿಯಿತು.

"ನಿನಗೆ ಮಾತ್ರ ಭಲೇ ಅಂತ ಬರೆದರು," ಎಂದೆ. ಹೇಳಿದ ಮೇಲೆ ಅದು ಎಷ್ಟು ಸಣ್ಣದೆಂದು ಕೇಳಿಸಿತು.

ಅವಳು ನನ್ನನ್ನೇ ನೋಡಿದಳು. ಆಮೇಲೆ ಲುಂಗಿಯ ಒಂದು ತುದಿ ನನ್ನ ಕೈಗೆ ಕೊಟ್ಟಳು. "ಹಿಡ್ಕೋ. ಹಿಂಡ್ಬೇಕು." ಇಬ್ಬರೂ ತಿರುಚಿದೆವು. ನೀರು ಕಾಲ ಮೇಲೆ ಬಿತ್ತು. "ಹೇಳ್ತೀಯಾ ಸರ್‌ಗೆ?"

"ಹೇಳ್ತೀನಿ."

"ಊಟ ಮಾಡ್ಕೊಂಡ್ ಹೋಗು. ಇಲ್ಲಾಂದ್ರೆ ನಮ್ಮಜ್ಜಿ ಬಿಡಲ್ಲ."

ಮನೆ ಸೇರಿದಾಗ ಅಪ್ಪ ಬೀರಿನ ಮುಂದೆ ಒಬ್ಬರೇ ಕೂತಿದ್ದರು. ಚೀಟಿಯಲ್ಲಿ ಬರೆದು ಸರಿಸಲು ಕಾಗದ ಹುಡುಕಿದೆ. ಆಮೇಲೆ ಬೇಡವೆಂದು ಬಾಯಿ ಬಿಟ್ಟೆ.

"ಅಪ್ಪ, ಮಾರ್ಷಲ್ ಚೀಟಿ ಇಟ್ಟಿದ್ದು ಸೌಂದರ್ಯ ಅಲ್ಲ. ನಾನು."

"ಗೊತ್ತು," ಎಂದರು, ತಲೆ ಎತ್ತದೆ.

"ಯಾವಾಗಿಂದ?"

"ಅವತ್ತೇ. ಆತುರದಲ್ಲಿ ತುರುಕಿದ ಚೀಟಿ ಎಲ್ಲಿ ಬೇಕಾದ್ರೂ ಹೋಗುತ್ತೆ. ಸರಿಯಾಗಿ ಸಾಹಣಿ ಹಿಂದೆ ಹೋಗಿ ನಿಲ್ಲಲ್ಲ. ಎರಡೂ ಲಾಯದ ಆಳು ಅಂತ ತಿಳಿದವರ ಕೈ ಬೇಕು ಅದಕ್ಕೆ. ಸಾಹಣಿ ಚೀಟಿ ಬರೆದಿದ್ದು ಯಾರು? ಆ ಹುಡುಗಿ ಅವತ್ತಿನವರೆಗೆ ಅದನ್ನ ಓದಿಯೂ ಇರಲಿಲ್ಲ." ಕನ್ನಡಕ ತೆಗೆದು ಒರೆಸಿದರು. "ನನಗೇ ಹೊಳೆದಿರಲಿಲ್ಲ ಕಣೇ, ಅವೆರಡನ್ನ ಪಕ್ಕ ಇಡಬಹುದು ಅಂತ. ಅದಕ್ಕೆ ಮೆಚ್ಚಬೇಕೋ, ಬೈಯಬೇಕೋ ತಿಳೀದೆ ಸುಮ್ಮನಿದ್ದೆ. ನೀನಾಗೇ ಬರ್ತೀಯೇನೋ ನೋಡೋಣ ಅಂತ."

ನಾನು ಅವರ ಎದುರು ಕೂತೆ.

"ಎರಡು ದಿನ ನನ್ನ ತಲೇನೇ ನಾನು ನಂಬಲಿಲ್ಲ ಮಾನಸ," ಎಂದರು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಒಂದು ತಿಂಗಳು. ಇವತ್ತಿಂದ. ಆ ಹುಡುಗಿಗೆ ಫೋನ್ ಮಾಡು, ಬರೋದಕ್ಕೆ ಹೇಳು."

ನನ್ನ ಜೀವನದಲ್ಲಿ ನಾನಾಗಿಯೇ ಮಾಡಿದ ಮೊದಲ ಫೋನು ಅದು ಎಂದರೆ ಅಮ್ಮ ನಗುತ್ತಾಳೆ. ಇರಬಹುದು.

ಮುಂದಿನ ಭಾನುವಾರ ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದೆ. ಮುಂದಿನ ಕೋಣೆಯಿಂದ ಡ್ರಾಯರುಗಳ ಸದ್ದು, ಅವಳ ವಾದ, ಅಪ್ಪನ ಆ ನಗು. ಒಂದೊಂದು ಡ್ರಾಯರಿನ ಸದ್ದೂ ನನಗೆ ಗೊತ್ತು. ಇದು ದ. ಇದು ಮ. ಈಗ ಸ. ಹುರುಳಿಕಾಯಿ ಬೇಕಾದ್ದಕ್ಕಿಂತ ಸಣ್ಣಗೆ ಮುರಿದೆ.

ಸೌಂದರ್ಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಹೊಸ ಚೀಟಿ. ಮುಖದ ಮುಂದೆ ಹಿಡಿದಳು. "ನೋಡು. ಮುಟ್ಟಂಗಿಲ್ಲ."

ಅಪ್ಪನ ಅಕ್ಷರ. 'ಮಾರ್ಷಲ್. ಭೂಸೇನೆಯ ಪರಮೋಚ್ಚ ಪದವಿ. ಹುಟ್ಟಿದ್ದು ರಾಜನ ಲಾಯದಲ್ಲಿ, ಕುದುರೆಯ ಆಳು ಎಂಬ ಅರ್ಥದಲ್ಲಿ. ಯಜಮಾನನ ಹತ್ತಿರ ನಿಲ್ಲುವ ಕೆಲಸವೇ ಮುಂದೆ ಪದವಿಯಾಗಿ ಬೆಳೆಯಿತು. ಕನ್ನಡ ಶಾಸನಗಳ ಸಾಹಣಿ, ಮಹಾಸಾಹಣಿಗಳನ್ನು ಹೋಲಿಸಿ ನೋಡಿ.' ಕೆಂಪು ಗೀಟು ಇತ್ತು. ಭಲೇ ಇರಲಿಲ್ಲ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಎರಡು ಅಕ್ಷರ. ಸೌ., ಮಾ.

ಎರಡನೆಯದು ನನ್ನದು.

"ಕೋಶದಲ್ಲಿ ಅಕ್ಷರಮಾಲೆ ಪ್ರಕಾರ ಬರೆಯಬೇಕು," ಎಂದೆ. "ಮ ಮೊದಲು ಬರುತ್ತೆ. ಸ ಆಮೇಲೆ."

ಸೌಂದರ್ಯ ಬಾಯಿ ತೆರೆದು ನನ್ನನ್ನು ನೋಡಿದಳು. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಸರ್! ನಿಮ್ ಚೀಟೀಲಿ ತಪ್ಪು ಹಿಡಿದಿದಾಳೆ ನಿಮ್ ಮಗಳು!"

"ಯಾರು, ಮಾನಸನಾ?" ಒಳಗಿನಿಂದ ಕುರ್ಚಿ ಸರಿದ ಸದ್ದು. "ಬಂದೆ, ಬಂದೆ. ತಿದ್ದೋಣ. ಪೆನ್ಸಿಲ್ಲು... ಪೆನ್ಸಿಲ್ ಎಲ್ಲಿಟ್ಟೆ ನಾನು?"

ನನ್ನ ಕೈಯಲ್ಲಿದ್ದ ಹುರುಳಿಕಾಯಿ ಅಲ್ಲೇ ನಿಂತಿತು. ಸೌಂದರ್ಯಳ ನಗುವೂ ನಿಂತಿತು. ಮುಂದಿನ ಕೋಣೆಯಲ್ಲಿ ಒಂದು ಡ್ರಾಯರು ತೆರೆದ ಸದ್ದು, ಮುಚ್ಚಿದ ಸದ್ದು.

"ಆಂ," ಎಂದರು ಅಪ್ಪ. "ಕಿವಿ ಮೇಲೇ ಇದೆ."